ತಿಯಾನ್ ತಳದಲ್ಲಿ ನೀರೇಕೆ ನಿಲ್ಲುತ್ತದೆ?

ಓದುಗರ ಪ್ರಶ್ನೆ:

"ಕಳೆದ ಜುಲೈನಲ್ಲಿ ಮಗಳ ಮನೆಗೆಂದು ಹೋಗಿ ದಕ್ಷಿಣ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ಆರು ವಾರ ಇದ್ದೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ಬದನೆ, ಜುಕಿನಿ, ಟೊಮೆಟೊ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಓವನ್‌ನಲ್ಲಿ ಬೇಯಿಸಿದ ತಿನಿಸು ತಂದುಕೊಟ್ಟರು. ಮೊಟ್ಟೆ ಇಲ್ಲ, ಮಾಂಸ ಇಲ್ಲ, ಬಾಯಲ್ಲಿಟ್ಟರೆ ಬೆಣ್ಣೆ. ಅವರು ಅದನ್ನು ತಿಯಾನ್ ಅಂದರು, ಮಗಳು ರಟಾಟೂಯ್ ಅನ್ನುತ್ತಾಳೆ. ಅಜ್ಜಿಯ ಹತ್ತಿರ ಚೀಟಿ ಬರೆಸಿಕೊಂಡು ಬಂದು ಮೈಸೂರಿನಲ್ಲಿ ನಮ್ಮ 30 ಲೀಟರ್ ಓಟಿಜಿಯಲ್ಲಿ (ಮನೆಯ ಸಣ್ಣ ವಿದ್ಯುತ್ ಓವನ್) ಮೂರು ಸಲ ಮಾಡಿದೆ. ಮೊದಲ ಸಲ ತಳದಲ್ಲಿ ಅರ್ಧ ಇಂಚು ನೀರು, ಬದನೆ ಬೆಂಡಿನ ಹಾಗೆ. ಎರಡನೇ ಸಲ ಯಾರೋ ಹೇಳಿದರೆಂದು ಎಲ್ಲಕ್ಕೂ ಪುಡಿ ಉಪ್ಪು ಸವರಿ ಒಂದು ಗಂಟೆ ಇಟ್ಟೆ. ನೀರು ಕಡಿಮೆಯಾಯಿತು, ಆದರೆ ಉಪ್ಪಿನಿಂದ ಬಾಯಿಗಿಡಲಾಗಲಿಲ್ಲ. ಮೂರನೇ ಸಲ ಮೇಲೆ ಚೀಸ್ ಹಾಕಿದೆ. ನೋಡಲು ಚೆಂದ, ಚಮಚ ಇಳಿಸಿದರೆ ಕೆಳಗೆ ಸಾರು. ನಮ್ಮ ಯಜಮಾನರು 'ಇದು ಗೊಜ್ಜೋ ಪಲ್ಯವೋ, ಮೊದಲು ತೀರ್ಮಾನ ಮಾಡು' ಅಂದರು. ಚೀಟಿಯಲ್ಲಿ 'ಥರ್ಮೋಸ್ಟಾಟ್ 6, ಒಂದು ಗಂಟೆ' ಎಂದಿದೆ. ನಮ್ಮ ಓಟಿಜಿಯಲ್ಲಿ ಆರು ಅನ್ನುವ ಅಂಕಿಯೇ ಇಲ್ಲ, ಅಂದಾಜಿನಲ್ಲಿ 150ಕ್ಕೆ ಇಟ್ಟಿದ್ದೆ. ತಪ್ಪು ಓವನ್‌ನದೋ, ನಮ್ಮ ತರಕಾರಿಯದೋ, ನನ್ನದೋ? ಬದನೆಯ ಕಹಿ ತೆಗೆಯಲು ಉಪ್ಪು ಹಾಕಲೇಬೇಕೆ? ನಾವು ಸಸ್ಯಾಹಾರಿಗಳು, ಪಾರ್ಮೆಸಾನ್ ಚೀಸ್ ಹಾಕಬಹುದೇ? ಮುಂದಿನ ತಿಂಗಳು ಮಗಳು ಬರುತ್ತಿದ್ದಾಳೆ, ಅಷ್ಟರೊಳಗೆ ಇದು ಸರಿಯಾಗಬೇಕು."

ಉತ್ತರ:

ಮೂರು ಸಲವೂ ಏನಾಯಿತೆಂದು ಇಷ್ಟು ಬಿಡಿಸಿ ಬರೆದಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ನಿಮ್ಮ ತೊಂದರೆ ಮೂರಲ್ಲ, ಒಂದೇ: ತರಕಾರಿಯೊಳಗಿನ ನೀರು ಹೊರಗೆ ಬಂದಿದೆ, ಆದರೆ ಪಾತ್ರೆ ಬಿಟ್ಟು ಹೋಗಿಲ್ಲ. ಬದನೆ ಬೆಂಡಾಗಿದ್ದಕ್ಕೂ ಅದಕ್ಕೂ ಸಂಬಂಧ ಇದೆ, ಹೇಳುತ್ತೇನೆ.

ನಾನು ಮಾರ್ಸೇ ನಗರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಎರಡು ಬೇಸಿಗೆ ದುಡಿದವನು. ಈಗ ಬೆಂಗಳೂರಿನಲ್ಲಿ ಅಡುಗೆ ಕಲಿಸುತ್ತೇನೆ. ಅಲ್ಲಿ ಮೊದಲ ವಾರ ನಾನು ಜೋಡಿಸಿದ ತಿಯಾನ್ ನೋಡಿ ಎಲ್ಲರೂ ಭೇಷ್ ಅಂದರು. ಬಿಲ್ಲೆಗಳು ರೂಪಾಯಿ ನಾಣ್ಯ ಪೇರಿಸಿಟ್ಟ ಹಾಗೆ ಇದ್ದವು. ಬೆಂದು ಹೊರಗೆ ಬಂದ ಮೇಲೆ ಅಲ್ಲಿನ ಹಿರಿಯ ಅಡುಗೆಯಾಕೆ ಬಟ್ಟೆಯಲ್ಲಿ ಪಾತ್ರೆಯ ಒಂದು ಕಿವಿ ಹಿಡಿದು ಎರಡು ಬೆರಳಿನಷ್ಟು ಓರೆ ಮಾಡಿದರು. ಇನ್ನೊಂದು ಮೂಲೆಯಲ್ಲಿ ತೆಳು ಕೆಂಪು ನೀರು ಥಟ್ಟನೆ ಬಂದು ನಿಂತಿತು. ಆಕೆ ಏನೂ ಹೇಳದೆ ಪಾತ್ರೆಯನ್ನು ಮತ್ತೆ ಓವನ್ ಒಳಗೆ ತಳ್ಳಿ ಬಾಗಿಲು ಹಾಕಿದರು. ಅಂದು ಅದು ಊಟಕ್ಕೆ ಇಪ್ಪತ್ತೈದು ನಿಮಿಷ ತಡವಾಯಿತು, ಬೈಸಿಕೊಂಡದ್ದು ನಾನು. ಆ ಓರೆ ಮಾಡುವ ಪರೀಕ್ಷೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಮೊದಲು ಹೆಸರಿನ ಜಗಳ ಮುಗಿಸೋಣ. ಅಜ್ಜಿ ಹೇಳಿದ್ದೇ ಸರಿ. ತಿಯಾನ್ ಎನ್ನುವುದು ಪ್ರೊವಾನ್ಸ್ ಕಡೆಯ ಒಂದು ಮಣ್ಣಿನ ಪಾತ್ರೆಯ ಹೆಸರು. ತಳ ಕಿರಿದು, ಬಾಯಿ ಅಗಲ, ಒಳಗೆ ಮೆರುಗು ಹಚ್ಚಿರುತ್ತದೆ. ಅದರಲ್ಲಿ ಬೇಯಿಸಿದ್ದಕ್ಕೂ ಅದೇ ಹೆಸರು ಅಂಟಿಕೊಂಡಿತು, ನಮ್ಮಲ್ಲಿ ತಟ್ಟೆಯಲ್ಲಿ ಬೆಂದದ್ದು ತಟ್ಟೆ ಇಡ್ಲಿ ಆದ ಹಾಗೆ. ರಟಾಟೂಯ್ ನೀಸ್ ನಗರದ ಕಡೆಯದು, ಒಲೆಯ ಮೇಲೆ ಕೆದಕುತ್ತ ಬೇಯಿಸುವ ಅಡುಗೆ. ಆ ಹೆಸರಿನ ಕೊನೆಯಲ್ಲೇ ಕಲಕುವುದು ಎಂಬ ಅರ್ಥದ ಕ್ರಿಯಾಪದ ಅಡಗಿದೆ. ನಿಮ್ಮ ಮಗಳು ತಪ್ಪು ತಿಳಿದಿದ್ದರೆ ಅದಕ್ಕೆ ಕಾರಣ 2007ರಲ್ಲಿ ಬಂದ ಇಲಿ ಬಾಣಸಿಗನ ಅನಿಮೇಷನ್ ಸಿನಿಮಾ ಇರಬೇಕು. ಅದರಲ್ಲಿ ಬರುವ ಸುರುಳಿ ಜೋಡಣೆಯ ತಿನಿಸು ರಟಾಟೂಯ್ ಹೆಸರಿನಲ್ಲೇ ಲೋಕ ಸುತ್ತಿತು. ನಿಜಕ್ಕೆ ಅದು ಫ್ರೆಂಚ್ ಬಾಣಸಿಗ ಮಿಶೆಲ್ ಗೆರಾರ್ 1976ರ ತಮ್ಮ ಪುಸ್ತಕದಲ್ಲಿ ಕೊಟ್ಟ 'ಕೋಂಫಿ ಬಿಯಾಲ್ದಿ'ಯನ್ನು ಅಮೆರಿಕದ ಬಾಣಸಿಗ ಥಾಮಸ್ ಕೆಲ್ಲರ್ ಸಿನಿಮಾಕ್ಕೆಂದು ತಿದ್ದಿದ ರೂಪ. ಇನ್ನೊಂದು ಮಾತು: ಹಳೆಯ ಮನೆಗಳ ತಿಯಾನ್‌ನಲ್ಲಿ ಬಿಲ್ಲೆಗಳ ಸಾಲು ಇರಲೇಬೇಕೆಂದಿಲ್ಲ. ಹೆಚ್ಚಿದ ಜುಕಿನಿಯನ್ನೋ ಸೊಪ್ಪನ್ನೋ ಒಂದು ಹಿಡಿ ಅಕ್ಕಿಯ ಜತೆ ಕಲಸಿ ಬೇಯಿಸಿದ್ದೂ ತಿಯಾನೇ. ಆ ಅಕ್ಕಿ ಸುಮ್ಮನೆ ಬಂದದ್ದಲ್ಲ, ಆಮೇಲೆ ಅದಕ್ಕೆ ಬರುತ್ತೇನೆ.

ಈಗ ನೀರು. ಜುಕಿನಿಯಲ್ಲೂ ಟೊಮೆಟೊದಲ್ಲೂ ನೂರಕ್ಕೆ ಹತ್ತಿರ ಹತ್ತಿರ 95 ಪಾಲು ನೀರು, ಬದನೆಯಲ್ಲಿ ಸುಮಾರು 92. ಒಂದು ಕಿಲೋ ತರಕಾರಿ ಜೋಡಿಸಿದಿರಿ ಎಂದರೆ 900 ಗ್ರಾಂಗಿಂತ ಹೆಚ್ಚು ನೀರನ್ನು ಜೋಡಿಸಿದಿರಿ ಎಂದೇ ಅರ್ಥ. ನಾನು ತರಗತಿಯಲ್ಲಿ ತೂಕ ಹಾಕಿ ತೋರಿಸುವುದುಂಟು: ಚೆನ್ನಾಗಿ ಬಂದ ತಿಯಾನ್ ಓವನ್‌ನಿಂದ ಹೊರಗೆ ಬರುವಾಗ ತೂಕದಲ್ಲಿ ಮೂರರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ. ಅಷ್ಟೂ ಆವಿಯಾಗಿ ಹೋದದ್ದು. ಕೋಣೆಯ ಬಿಸಿಯಲ್ಲಿದ್ದ ನೀರನ್ನು ಕುದಿಗೆ ತರಲು ಎಷ್ಟು ಶಾಖ ಬೇಕೋ, ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಅದರ ಸುಮಾರು ಏಳು ಪಟ್ಟು ಬೇಕು. ತರಕಾರಿ ಮೆತ್ತಗಾಗುವುದು ಬೇಗ, ಒಣಗುವುದು ನಿಧಾನ. ಆದ್ದರಿಂದಲೇ 'ಬೆಂದಿದೆ' ಎಂದು ಹೊರಗೆ ತೆಗೆದ ಹೊತ್ತಿಗೆ ನಿಮ್ಮದು ಬೆಂದಿತ್ತು, ಆಗಿರಲಿಲ್ಲ.

ಅದರ ಮೇಲೆ 150 ಡಿಗ್ರಿ. ಫ್ರೆಂಚ್ ಮನೆಗಳ ಹಳೆಯ ಗ್ಯಾಸ್ ಓವನ್‌ಗಳಲ್ಲಿ ಡಿಗ್ರಿಯ ಬದಲು ಅಂಕಿ ಇರುತ್ತಿತ್ತು. ಚೀಟಿಗಳಲ್ಲಿ ಅದು ಇನ್ನೂ ಉಳಿದಿದೆ. ಲೆಕ್ಕ ಸುಲಭ, ಅಂಕಿಯನ್ನು 30ರಿಂದ ಗುಣಿಸಿ. ಆರು ಎಂದರೆ 180, ಏಳು ಎಂದರೆ 210. ಅಜ್ಜಿ ಹೇಳಿದ್ದಕ್ಕಿಂತ ನೀವು 30 ಡಿಗ್ರಿ ಕಡಿಮೆ ಇಟ್ಟು, ಸಮಯ ಮಾತ್ರ ಅವರದೇ ಕೊಟ್ಟಿದ್ದೀರಿ. ಜತೆಗೆ ಮನೆಯ ಓಟಿಜಿಗಳ ಗುಂಡಿ ತೋರಿಸುವುದೊಂದು, ಒಳಗಿರುವುದೊಂದು. ನನ್ನದೇ ಓಟಿಜಿ 180 ಅಂದಾಗ ಒಳಗೆ 165 ಇರುತ್ತದೆ. ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದನ್ನು ತಂದುಕೊಳ್ಳಿ, ಈ ಒಂದು ತಿನಿಸಿಗಲ್ಲ, ಕೇಕಿಗೂ ಬರುತ್ತದೆ.

ಬದನೆ ಬೆಂಡಾದ ವಿಷಯ ನನಗೆ ಹೆಚ್ಚು ಇಷ್ಟದ್ದು, ಯಾಕೆಂದರೆ ಇದರ ಉತ್ತರ ನಿಮಗೆ ಮೊದಲೇ ಗೊತ್ತಿದೆ. ಹುಳಿ ಮಾಡುವಾಗ ಹುಣಸೆಹಣ್ಣಿನ ರಸವನ್ನು ತರಕಾರಿ ಬೇಯುವ ಮೊದಲೇ ಹಾಕಿದರೆ ಏನಾಗುತ್ತದೆ? ಹೋಳು ಎಷ್ಟು ಹೊತ್ತು ಕುದಿಸಿದರೂ ಗಟ್ಟಿ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಎಂಬ ಗೋಂದು 85 ಡಿಗ್ರಿ ಆಸುಪಾಸಿನಲ್ಲಿ ಕರಗತೊಡಗುತ್ತದೆ. ಸುತ್ತ ಹುಳಿ ಇದ್ದರೆ ಆ ಕರಗುವಿಕೆ ನಿಧಾನ. ತಿಯಾನ್‌ನಲ್ಲಿ ಹಸಿ ಬದನೆ ಬಿಲ್ಲೆಯ ಆಚೆ ಈಚೆ ಟೊಮೆಟೊ ಬಿಲ್ಲೆ ಒತ್ತಿಕೊಂಡು ನಿಂತಿರುತ್ತದೆ. ಅಂದರೆ ಬದನೆಯನ್ನು ಹುಣಸೆರಸದಲ್ಲಿ ಬೇಯಲು ಇಟ್ಟ ಹಾಗೆಯೇ. ಜತೆಗೆ ಬದನೆಯ ತಿರುಳಿನ ತುಂಬ ಗಾಳಿಯ ಗೂಡುಗಳು. ಅವು ಬಿಸಿಗೆ ಕುಸಿದು, ಎಣ್ಣೆ ಹೀರಿಕೊಂಡಾಗಲೇ ಆ ಬೆಣ್ಣೆಯ ಹದ ಬರುವುದು. ಮಂದ ಬಿಸಿಯಲ್ಲಿ, ನೀರಿನಲ್ಲಿ, ಹುಳಿಯ ಪಕ್ಕ ನಿಂತ ಬದನೆಗೆ ಈ ಮೂರರಲ್ಲಿ ಒಂದೂ ಸಿಗಲಿಲ್ಲ.

ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟೇ: ಬದನೆ ಸಾಲಿಗೆ ಸೇರುವ ಮೊದಲೇ ಬೆಂದಿರಬೇಕು. ಬಹಳ ಚೀಟಿಗಳು ಎಲ್ಲವನ್ನೂ ಹಸಿಯಾಗಿಯೇ ಜೋಡಿಸಿ ಎನ್ನುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ ಅಂತ. ನಾನು ಒಪ್ಪುವುದಿಲ್ಲ. ಹಾಗೆ ಜೋಡಿಸಿಯೂ ಚೆನ್ನಾಗಿ ಮಾಡುವವರು ಇದ್ದಾರೆ, ಆದರೆ ಅವರು ಎರಡು ಗಂಟೆ ಬೇಯಿಸುತ್ತಾರೆ.

ಉಪ್ಪಿನ ಬಗ್ಗೆ ಎರಡು ನಂಬಿಕೆ ಬೆರೆತುಹೋಗಿವೆ. ಬದನೆಯ ಕಹಿ ತೆಗೆಯಲು ಉಪ್ಪು ಎನ್ನುವುದು ಹಳೆಯ ತಳಿಗಳ ಕಾಲದ ಮಾತು. ಇವತ್ತು ಮಾರುಕಟ್ಟೆಗೆ ಬರುವ ಎಳೆ ಬದನೆಯಲ್ಲಿ ತೆಗೆಯುವಷ್ಟು ಕಹಿಯೇ ಇರುವುದಿಲ್ಲ. ಬೀಜ ಕಪ್ಪಾದ ಬಲಿತ ಕಾಯಿಯನ್ನು ಕೊಳ್ಳದಿದ್ದರೆ ಆಯಿತು. ಉಪ್ಪು ನಿಜಕ್ಕೂ ಮಾಡುವುದು ನೀರೆಳೆಯುವ ಕೆಲಸ, ಮತ್ತು ಆ ಗಾಳಿಯ ಗೂಡುಗಳನ್ನು ಕುಸಿಯುವಂತೆ ಮಾಡಿ ಬದನೆ ಎಣ್ಣೆ ಕುಡಿಯುವುದನ್ನು ಕಡಿಮೆ ಮಾಡುವುದು. ಮೊದಲೇ ಹುರಿದುಕೊಳ್ಳುವ ಬದನೆಗೆ ಅದೂ ಬೇಡ. ಜುಕಿನಿಗೆ ಮಾತ್ರ ಉಪ್ಪು ಹಾಕಿ, ತೂಕ ಮಾಡಿ ಹಾಕಿ: ಅರ್ಧ ಕಿಲೋಗೆ ಐದು ಗ್ರಾಂ, ಅಂದರೆ ತಲೆ ತಟ್ಟಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಇಪ್ಪತ್ತು ನಿಮಿಷ ಸಾಕು. ಅಜ್ಜಿಯ ಊರಿನಲ್ಲಿ ಹರಳು ಉಪ್ಪು ಉದುರಿಸಿ ಆಮೇಲೆ ಕೊಡವಿಬಿಡುತ್ತಾರೆ. ನಮ್ಮ ಪುಡಿ ಉಪ್ಪು ಕರಗಿ ಒಳಗೆ ಕೂತುಬಿಡುತ್ತದೆ, ಕೊಡವಲು ಏನೂ ಉಳಿಯುವುದಿಲ್ಲ. ಒಂದು ಗಂಟೆ ಇಟ್ಟದ್ದೂ, ಟೊಮೆಟೊಗೂ ಸವರಿದ್ದೂ ನಿಮ್ಮ ಎರಡನೇ ಸಲದ ಕಥೆ. ಜುಕಿನಿಗೆ ಹಾಕಿದ ಉಪ್ಪು ಇರುವಾಗ ಬೇರೆ ಉಪ್ಪು ಎಲ್ಲೂ ಹಾಕಬಾರದು, ಈರುಳ್ಳಿಗೆ ಒಂದು ಚಿಟಿಕೆ ಬಿಟ್ಟರೆ.

ಕಹಿಯ ಮಾತು ಬಂತಾದ್ದರಿಂದ ಒಂದು ಎಚ್ಚರಿಕೆ, ಇದು ತಮಾಷೆಯಲ್ಲ. ಜುಕಿನಿ ಕುಂಬಳದ ಜಾತಿಗೆ ಸೇರಿದ್ದು. ಅಪರೂಪಕ್ಕೆ ಒಂದು ಕಾಯಿ ವಿಪರೀತ ಕಹಿ ಇರುತ್ತದೆ, ನಮ್ಮ ಕಹಿ ಸೋರೆಕಾಯಿಯ ಹಾಗೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಉಪ್ಪಿನಿಂದ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡಿಸಿ ಆಸ್ಪತ್ರೆಗೆ ಸೇರಿಸಬಲ್ಲದು. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಆನ್ಸೆಸ್ ಕೂಡ ಕಹಿ ಕುಂಬಳಗಳ ಬಗ್ಗೆ ಜನರನ್ನು ಎಚ್ಚರಿಸಿದೆ. ಹೆಚ್ಚುವಾಗ ಪ್ರತಿ ಜುಕಿನಿಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಅನ್ನಿಸಿದರೆ ಉಗಿದು, ಆ ಕಾಯಿಯನ್ನು ಎಸೆಯಿರಿ.

ಚೀಸ್ ಬೇಕೇ ಬೇಕು ಎನ್ನುವುದು ಇನ್ನೊಂದು ನಂಬಿಕೆ. ಕೆನೆ, ಚೀಸ್ ಹಾಕಿ ಬೇಯಿಸುವುದು ಫ್ರಾನ್ಸಿನ ಬೆಟ್ಟದ ಸೀಮೆಗಳ ರೂಢಿ. ಪ್ರೊವಾನ್ಸ್ ಆಲಿವ್ ಎಣ್ಣೆಯ ನಾಡು. ಅಲ್ಲಿ ಮೇಲಕ್ಕೆ ಒಣ ಬ್ರೆಡ್ ಪುಡಿ, ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು ಉದುರಿಸುವುದೇ ಹೆಚ್ಚು. ನಿಮ್ಮ ಮೂರನೇ ಸಲ ಕರಗಿದ ಚೀಸ್ ಮೇಲೆ ಮುಚ್ಚಳ ಹಾಕಿದ ಹಾಗೆ ಕೂತು, ಆವಿಯನ್ನು ಕೆಳಗೇ ಹಿಡಿದಿಟ್ಟಿದೆ. ಹಾಕಲೇಬೇಕೆನಿಸಿದರೆ ಕೊನೆಯ ಹತ್ತು ನಿಮಿಷದಲ್ಲಿ, ತುರಿದು, ತೆಳ್ಳಗೆ.

ಸಸ್ಯಾಹಾರದ ವಿಷಯದಲ್ಲಿ ನೀವು ಕೇಳಿದ್ದು ಒಳ್ಳೆಯದಾಯಿತು. ನಿಜವಾದ ಇಟಲಿಯ ಪಾರ್ಮಿಜಾನೊ ರೆಜ್ಜಾನೊ, ಸ್ವಿಸ್ ಗ್ರುಯೆರ್, ಇವುಗಳ ಹಾಲು ಒಡೆಸಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ಅವುಗಳ ನಿಯಮದಲ್ಲೇ ಹಾಗಿದೆ. ಇಲ್ಲಿ ತಯಾರಾಗುವ ಚೀಸ್‌ಗಳಲ್ಲಿ ಸಾಮಾನ್ಯವಾಗಿ ಸೂಕ್ಷ್ಮಜೀವಿ ಮೂಲದ ರೆನೆಟ್ ಇರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಕೊಳ್ಳಿ. ಮಗಳು ಅಲ್ಲಿಂದ ತರುವುದಾದರೆ ಫ್ರಾನ್ಸಿನಲ್ಲಿ ಆ ಚುಕ್ಕೆಯ ಪದ್ಧತಿ ಇಲ್ಲ, ಲೇಬಲ್ ಓದಲೇಬೇಕು. ನನ್ನ ಕೇಳಿದರೆ ಚೀಸ್ ಬೇಡವೇ ಬೇಡ. ಅಜ್ಜಿಯೂ ಹಾಕಿರಲಾರರು.

ತರಕಾರಿ ನಮ್ಮದೆಂದು ತಪ್ಪು ಹೊರಿಸಬೇಡಿ, ಆದರೆ ಆರಿಸುವಾಗ ಜಾಣತನ ಬೇಕು. ನಾಟಿ ಟೊಮೆಟೊ ಸಾರಿಗೆ ಹೇಳಿ ಮಾಡಿಸಿದ್ದು, ಹುಳಿ, ರಸ ಎರಡೂ ಜಾಸ್ತಿ. ಇಲ್ಲಿ ಆ ಎರಡೂ ನಮಗೆ ಬೇಡ. ಉದ್ದುದ್ದ, ಗಟ್ಟಿ ತಿರುಳಿನ ಹೈಬ್ರಿಡ್ ಟೊಮೆಟೊ ತನ್ನಿ, ಹಣ್ಣಾಗಿರಲಿ, ಆದರೆ ಒತ್ತಿದರೆ ಕುಸಿಯಬಾರದು. ಬದನೆಯಲ್ಲಿ ಉದ್ದನೆಯ ನೇರಳೆ, ಟೊಮೆಟೊದಷ್ಟೇ ದಪ್ಪನೆಯದು. ಎಣ್ಣೆಗಾಯಿಯ ಗುಂಡು ಬದನೆ ಬೇಡ, ಮಟ್ಟುಗುಳ್ಳವನ್ನಂತೂ ಉಡುಪಿಯ ಹುಳಿಗೇ ಬಿಟ್ಟುಬಿಡಿ. ಜುಕಿನಿ ಗೇಣುದ್ದಕ್ಕಿಂತ ದೊಡ್ಡದಾದರೆ ನಡುವೆ ಬೀಜ, ಸ್ಪಂಜು, ನೀರು. ಜುಕಿನಿ ಸಿಗದ ದಿನ ಎಳೆ ಸೀಮೆಬದನೆಕಾಯಿ ಆಗುತ್ತದೆ. ಅದು ಗಟ್ಟಿ, ನೀರು ಬಿಡುವುದೂ ನಿಧಾನ, ತೆಳ್ಳಗೆ ಹೆಚ್ಚಿ ಐದು ನಿಮಿಷ ಆವಿಯಲ್ಲಿ ಬೇಯಿಸಿ ಸೇರಿಸಿ. ಹೀರೆಕಾಯಿ ಹಾಕಿ ನೋಡಿದ್ದೇನೆ, ಕರಗಿ ಕಾಣೆಯಾಯಿತು.

ಇನ್ನು ಮಾಡುವ ರೀತಿ, ನಾಲ್ಕು ಜನಕ್ಕೆ. ಬದನೆ 300 ಗ್ರಾಂ, ಜುಕಿನಿ 400, ಟೊಮೆಟೊ 500, ಈರುಳ್ಳಿ ಎರಡು, ಬೆಳ್ಳುಳ್ಳಿ ನಾಲ್ಕು ಎಸಳು, ಆಲಿವ್ ಎಣ್ಣೆ ಐದು ದೊಡ್ಡ ಚಮಚ. ಎಣ್ಣೆ ಕಡಿಮೆ ಮಾಡಿದರೆ ಬದನೆ ಮತ್ತೆ ಬೆಂಡು, ಮೊದಲೇ ಹೇಳಿಬಿಡುತ್ತೇನೆ. ಆಲಿವ್ ಎಣ್ಣೆಯ ಬೆಲೆ ನೋಡಿ ಕೈ ಹಿಂದೆ ಬಂದರೆ ಬದನೆ ಹುರಿಯಲು ಸೂರ್ಯಕಾಂತಿ ಎಣ್ಣೆ ಬಳಸಿ, ಪರಿಮಳದ ಆಲಿವ್ ಎಣ್ಣೆಯನ್ನು ಕೊನೆಯಲ್ಲಿ ಮೇಲಿಂದ ಎರಡು ಚಮಚ ಸುರಿಯಿರಿ. ಗಾಣದ ಕಡಲೆಕಾಯಿ ಎಣ್ಣೆ ರುಚಿಯೇ, ಆದರೆ ಆಗ ಅದು ಪ್ರೊವಾನ್ಸ್ ಬಿಟ್ಟು ಎಣ್ಣೆಗಾಯಿಯ ಬೀದಿಗೆ ಬಂದುಬಿಡುತ್ತದೆ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಬಿಸಿ ಮಾಡಲೇಬಾರದು ಎಂಬ ಹೆದರಿಕೆಯೂ ಬೇಡ. ಒದ್ದೆ ತರಕಾರಿಯ ನಡುವೆ ಇರುವ ಎಣ್ಣೆ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲೇ ಇರುತ್ತದೆ, ಹೊಗೆಯಾಡುವ ಮಾತೇ ಇಲ್ಲ.

ಈರುಳ್ಳಿಯನ್ನು ತೆಳ್ಳಗೆ ಉದ್ದಕ್ಕೆ ಸೀಳಿ, ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಾಡಿಸಿ. ಕೆಂಪಾಗುವುದು ಬೇಡ, ಜೇನಿನ ಬಣ್ಣಕ್ಕೆ ಬಂದು ಮುದ್ದೆಯಾಗಬೇಕು. ಇದು ತಳದ ಹಾಸಿಗೆ. ಮೇಲಿಂದ ಇಳಿಯುವ ರಸವನ್ನು ಹೀರುವುದು ಇದೇ. ಹಸಿ ಈರುಳ್ಳಿ ಹಾಸಿದರೆ ಅದು ತನ್ನ ನೀರನ್ನೂ ಸೇರಿಸುತ್ತದೆ. ಬದನೆಯನ್ನು ಅರ್ಧ ಸೆಂಟಿಮೀಟರ್ ಬಿಲ್ಲೆ ಮಾಡಿ, ಎರಡೂ ಬದಿಗೆ ಎಣ್ಣೆ ಸವರಿ, ದೋಸೆ ಹೆಂಚಿನ ಮೇಲೆ ಬದಿಗೆ ಮೂರು ನಿಮಿಷದಂತೆ ಹುರಿಯಿರಿ. ಕಂದು ಮಚ್ಚೆ ಬಂದು, ಬೆರಳಿನಿಂದ ಒತ್ತಿದರೆ ತಗ್ಗು ಹಾಗೇ ಉಳಿಯಬೇಕು. ಜುಕಿನಿ ನಾಲ್ಕು ಮಿಲಿಮೀಟರ್, ಉಪ್ಪು ಹಾಕಿಟ್ಟದ್ದನ್ನು ತೊಳೆಯದೆ ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸಿ.

ಟೊಮೆಟೊದ ವಿಷಯದಲ್ಲಿ ಒಂದು ಕಿವಿಮಾತು. ರಸ ತೊಂದರೆ ಕೊಡುತ್ತದೆ ಎಂದು ಬೀಜದ ಲೋಳೆಯನ್ನು ಹಿಂಡಿ ಚೆಲ್ಲುವವರಿದ್ದಾರೆ. ಚೆಲ್ಲಬೇಡಿ, ಟೊಮೆಟೊದ ರುಚಿಯ ದೊಡ್ಡ ಪಾಲು ಆ ಲೋಳೆಯಲ್ಲೇ ಇದೆ. ಅರ್ಧ ಸೆಂಟಿಮೀಟರ್ ಬಿಲ್ಲೆಗಳನ್ನು ಜರಡಿ ಮೇಲೆ ಹರಡಿ ಕೆಳಗೆ ತಟ್ಟೆ ಇಡಿ. ಬಿದ್ದ ರಸಕ್ಕೆ ಜಜ್ಜಿದ ಬೆಳ್ಳುಳ್ಳಿ ಹಾಕಿ ಸಣ್ಣ ಬಾಣಲೆಯಲ್ಲಿ ಎರಡು ಚಮಚಕ್ಕೆ ಇಳಿಯುವ ತನಕ ಕುದಿಸಿ ಈರುಳ್ಳಿಯ ಮೇಲೆ ಸುರಿಯಿರಿ. ಓವನ್‌ನಲ್ಲಿ ಮುಕ್ಕಾಲು ಗಂಟೆ ಹಿಡಿಯುವ ಕೆಲಸ ಒಲೆಯ ಮೇಲೆ ಐದು ನಿಮಿಷಕ್ಕೆ ಮುಗಿಯಿತು.

ಬಿಲ್ಲೆಗಳನ್ನು ಮಲಗಿಸದೆ ನಿಲ್ಲಿಸಿ. ಮಲಗಿಸಿದರೆ ಕೆಳಗಿನವು ಆವಿಯಲ್ಲಿ ಬೇಯುತ್ತವೆ, ನಿಂತವುಗಳ ಅಂಚು ಒಣಗಿ ಕಂದುತ್ತದೆ. ಪಾತ್ರೆ ಅಗಲವಾಗಿರಲಿ, ಆಳ ಬೇಡ. ಬ್ರೆಡ್ ಮಾಡುವ ಉದ್ದ ಟಿನ್ನಿನಲ್ಲಿ ಮಾಡಿದರೆ ದೇವರೇ ಬಂದರೂ ನೀರು ಹೋಗುವುದಿಲ್ಲ. ಬರಿ ಅಲ್ಯುಮಿನಿಯಂ ತಟ್ಟೆಯೂ ಬೇಡ, ಟೊಮೆಟೊ ಹುಳಿಗೆ ಲೋಹದ ರುಚಿ ಬರುತ್ತದೆ. ಗಾಜಿನದು, ಪಿಂಗಾಣಿಯದು ಸರಿ. ಅಲಂಕಾರಕ್ಕೆಂದು ಮಾರುವ ಮೆರುಗಿನ ಮಣ್ಣಿನ ಪಾತ್ರೆಗಳಲ್ಲಿ ಸೀಸದ ಮೆರುಗು ಇರಬಹುದು, ಅಡುಗೆಗೆಂದೇ ಮಾರುವುದಾದರೆ ಮಾತ್ರ ಬಳಸಿ. ಮಣ್ಣಿನದಾಗಲಿ ಗಾಜಿನದಾಗಲಿ, ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲೆ ಇಟ್ಟರೆ ಸೀಳುತ್ತದೆ.

ಗಿಡಮೂಲಿಕೆ ಥೈಮ್ ಸಾಕು, ಜತೆಗೆ ಒಂದು ಪಲಾವ್ ಎಲೆ. 'ಹರ್ಬ್ಸ್ ಡಿ ಪ್ರೊವಾನ್ಸ್' ಎಂಬ ಒಣ ಗಿಡಮೂಲಿಕೆ ಮಿಶ್ರಣದ ಶೀಶೆ ಸಿಗುತ್ತದಲ್ಲ, ಆ ಹೆಸರಿಗೆ ಕಾಯ್ದೆಯ ಕಾವಲಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಫ್ರಾನ್ಸಿನ 'ಲೇಬಲ್ ರೂಜ್' ಎಂಬ ಗುಣಮಟ್ಟದ ಗುರುತು ಇರುವುದರಲ್ಲಿ ಮಾತ್ರ ಅಳತೆ ನಿಗದಿ: ರೋಸ್ಮೆರಿ, ಸೇವರಿ, ಒರೆಗಾನೊ ತಲಾ 26 ಪಾಲು, ಥೈಮ್ 19, ಬೇಸಿಲ್ 3. ಲ್ಯಾವೆಂಡರ್ ಅದರಲ್ಲಿಲ್ಲ. ಥೈಮ್ ಸಿಗದಿದ್ದರೆ ಒಂದೇ ಒಂದು ಚಿಟಿಕೆ ಓಮ ಕೈಯಲ್ಲಿ ತಿಕ್ಕಿ ಈರುಳ್ಳಿಗೆ ಹಾಕಿ. ಎರಡರ ಪರಿಮಳಕ್ಕೂ ಮೂಲ ಥೈಮಾಲ್ ಎಂಬ ಒಂದೇ ವಸ್ತು. ಚಿಟಿಕೆ ಎರಡಾದರೆ ಬಜ್ಜಿ ಹಿಟ್ಟಿನ ವಾಸನೆ ಬರುತ್ತದೆ.

ಓಟಿಜಿಯನ್ನು ಮೇಲೆ ಕೆಳಗೆ ಎರಡೂ ರಾಡ್ ಹಾಕಿ 190ಕ್ಕೆ ಕಾಯಿಸಿ. ಪಾತ್ರೆ ಕೆಳಗಿನ ಹಂತದಲ್ಲಿರಲಿ, ಮೇಲಿನ ರಾಡಿಗೂ ತರಕಾರಿಗೂ ಗೇಣು ದೂರ ಇರದಿದ್ದರೆ ತುದಿ ಸುಟ್ಟು ಬುಡ ಹಸಿ ಉಳಿಯುತ್ತದೆ. ಮುಚ್ಚಬೇಡಿ. ಅರ್ಧ ಗಂಟೆಗೆ ಒಮ್ಮೆ ಪಾತ್ರೆಯನ್ನು ತಿರುಗಿಸಿಡಿ, ಆಗ ತೆರೆದ ಬಾಗಿಲಿನಿಂದ ಒಳಗೆ ತುಂಬಿದ ಆವಿಯೂ ಹೊರಬೀಳುತ್ತದೆ. ಮನೆಯ ಸಣ್ಣ ಓವನ್‌ಗೆ ಈ ಎರಡನೆಯದೇ ಮುಖ್ಯ. ಒಂದು ಗಂಟೆಯ ನಂತರ ಬ್ರೆಡ್ ಪುಡಿ, ಬೆಳ್ಳುಳ್ಳಿ, ಪಾರ್ಸ್ಲಿಯನ್ನು ಒಂದು ಚಮಚ ಎಣ್ಣೆಯಲ್ಲಿ ಕಲಸಿ ಉದುರಿಸಿ, ಇನ್ನೂ ಹದಿನೈದು ನಿಮಿಷ. ಆಮೇಲೆ ಓರೆ ಮಾಡಿ ನೋಡಿ. ರಸ ನೀರಿನ ಹಾಗೆ ಓಡಿದರೆ ಮತ್ತೆ ಒಳಗೆ. ಎಣ್ಣೆಯ ಹಾಗೆ ತಡೆದು ತಡೆದು ಹರಿದರೆ ಹೊರಗೆ.

ಇದಲ್ಲದೆ ಬೇರೆ ದಾರಿಗಳೂ ಇವೆ. ಎಲ್ಲವನ್ನೂ ಹಸಿಯಾಗಿ ಜೋಡಿಸಿ 150ರಲ್ಲಿ ಎರಡು ಎರಡೂಕಾಲು ಗಂಟೆ ಬಿಡುವುದು ಒಂದು. ಹಿಂದೆ ಹಳ್ಳಿಗಳಲ್ಲಿ ರೊಟ್ಟಿ ಬೆಂದು ಮುಗಿದ ಮೇಲೆ ಬೇಕರಿಯ ಓವನ್ ಆರುತ್ತ ಬರುವಾಗ ಮನೆಗಳ ಪಾತ್ರೆಗಳನ್ನು ಅದರೊಳಗೆ ಇಡುತ್ತಿದ್ದರು. ಪ್ರೊವಾನ್ಸ್‌ನ ಎಷ್ಟೋ ಊರುಗಳಲ್ಲಿ 'ಓವನ್ ಬೀದಿ' ಎಂಬ ಅರ್ಥದ ಬೀದಿ ಹೆಸರು ಇನ್ನೂ ಇದೆ. ಆ ಇಳಿಬಿಸಿಗೆ ಈ ಹಾದಿ ಹೊಂದುತ್ತಿತ್ತು. ರುಚಿ ಬಹಳ ಚೆನ್ನ. ಆದರೆ ನಿಮಗೆ ಕರೆಂಟಿನ ಬಿಲ್ಲು ಬೇರೆ, ನಡುವೆ ಕರೆಂಟು ಹೋದರೆ ಕಥೆಯೇ ಬೇರೆ. ಇನ್ನೊಂದು ದಾರಿ ಮೊದಲು ಹೇಳಿದ ಅಕ್ಕಿಯದು: ಈರುಳ್ಳಿಯ ಹಾಸಿಗೆಯಲ್ಲಿ ಎರಡು ದೊಡ್ಡ ಚಮಚ ತೊಳೆದ ಸೋನಾ ಮಸೂರಿ ಬೆರೆಸುವುದು. ಅದು ಬಿದ್ದ ರಸವನ್ನೆಲ್ಲ ಕುಡಿದು ಬೇಯುತ್ತದೆ, ನೀರಿನ ಚಿಂತೆಯೇ ಇಲ್ಲ. ಅಕ್ಕಿ ಮೇಲೆ ಕಾಣಿಸಿಕೊಂಡರೆ ಮಾತ್ರ ಕಲ್ಲಾಗಿ ಹಲ್ಲಿಗೆ ಸಿಗುತ್ತದೆ, ಪೂರ್ತಿ ಮುಚ್ಚಿಹೋಗುವಂತೆ ನೋಡಿಕೊಳ್ಳಿ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಆಲೂಗಡ್ಡೆ ಹಾಸುವುದಾದರೆ ಅರೆಬೇಯಿಸಿಕೊಂಡೇ ಹಾಸಿ, ಹುಳಿಯ ಕಾಟ ಅದಕ್ಕೂ ಇದೆ. ಮೈಕ್ರೊವೇವ್‌ನಲ್ಲಿ ಬರಿ ಮೈಕ್ರೊ ಮೋಡಿನಲ್ಲಿ ಮಾಡಿದರೆ ಬರುವುದು ಆವಿಯಲ್ಲಿ ಬೆಂದ ತರಕಾರಿ.

ಮಗಳು ಬರುವ ದಿನ ಮಧ್ಯಾಹ್ನ ನಾಲ್ಕಕ್ಕೇ ಮಾಡಿ ಇಟ್ಟುಬಿಡಿ. ಬಿಸಿ ಬಿಸಿ ಬಡಿಸುವ ತಿನಿಸಲ್ಲ ಇದು. ಅರ್ಧ ಗಂಟೆ ಆರಿದಾಗ ಕರಗಿದ ಪೆಕ್ಟಿನ್ ಮತ್ತೆ ಬಿಗಿದು ಉಳಿದ ರಸವೂ ಹಿಡಿಯುತ್ತದೆ, ರುಚಿಯೂ ಒಂದಾಗುತ್ತದೆ. ಎರಡು ಗಂಟೆಯೊಳಗೆ ತಿನ್ನದಿದ್ದರೆ ಫ್ರಿಜ್‌ಗೆ ಹಾಕಿ, ಊಟದ ಹೊತ್ತಿಗೆ 150ರಲ್ಲಿ ಹದಿನೈದು ನಿಮಿಷ ಬೆಚ್ಚಗೆ ಮಾಡಿ. ಮೂರು ದಿನ ಇರುತ್ತದೆ. ಒಂದು ಮಾತ್ರ ಮಾಡಬೇಡಿ: ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ, ಮುಂದಿನ ಸಲಕ್ಕಿರಲಿ ಎಂದು ಶೀಶೆಯಲ್ಲಿ ಹೊರಗಿಡುವುದು. ಗಾಳಿಯಿಲ್ಲದ ಎಣ್ಣೆಯೊಳಗೆ ಬೊಟುಲಿಸಂ ವಿಷ ಹುಟ್ಟಬಹುದು, ವಾಸನೆಯಿಂದ ಗೊತ್ತಾಗುವುದಿಲ್ಲ.

ಅಲ್ಲಿ ಇದನ್ನು ಹುರಿದ ಕುರಿಮಾಂಸದ ಪಕ್ಕವೋ ಮೀನಿನ ಪಕ್ಕವೋ ಬಡಿಸುತ್ತಾರೆ, ಇಲ್ಲದಿದ್ದರೆ ಬರಿ ಬ್ರೆಡ್ಡಿನ ಜತೆ. ನಿಮ್ಮ ಮನೆಗೆ ಚಪಾತಿಯೂ ಆಗುತ್ತದೆ, ನಾನು ಮರುದಿನ ಉಳಿದದ್ದನ್ನು ಜೋಳದ ರೊಟ್ಟಿಯ ಜತೆ ತಿನ್ನುತ್ತೇನೆ. ಯಜಮಾನರಿಗೆ ಪಲ್ಯ ಎಂದೇ ಹೇಳಿ ಬಡಿಸಿ. ಬಡಿಸುವ ಮೊದಲು ಪಾತ್ರೆಯನ್ನು ಒಮ್ಮೆ ಓರೆ ಮಾಡಿ ನೋಡಿಕೊಂಡಿರಿ.